ಕರ್ನಲ್ ಸಾಹೇಬರ ಮೂರು ಇಂಚು

ನಮ್ಮ ನಡುಮನೆಯ ಕಿಟಕಿಯ ಮೇಲೆ ಒಂದು ಸಣ್ಣ ಗವಾಕ್ಷಿಯಿದೆ. ಅದರ ಚಿಲಕ ನನ್ನ ಕೈಗೆ ಎಟುಕುವುದಿಲ್ಲ. ಅದಕ್ಕಾಗಿ ಬಾಗಿಲ ಹಿಂದೆ ಒಂದು ಕೋಲು ಇಟ್ಟುಕೊಂಡಿದ್ದೇನೆ. ಉಕ್ಕಿನ ಕೋಲು, ತುದಿಗೆ ಹಿತ್ತಾಳೆಯ ಗಟ್ಟಿ, ಹಿಡಿಗೆ ಸುತ್ತಿದ ಚರ್ಮದ ಪಟ್ಟಿ. ಚಿಲಕ ತೆಗೆಯುವುದಷ್ಟೇ ಅಲ್ಲ, ಮಂಚದ ಕೆಳಗೆ ಸೇರಿಕೊಂಡ ಚಪ್ಪಲಿ ಎಳೆಯಲು, ಗೋಡೆಯ ಹಲ್ಲಿಯನ್ನು ಹೆದರಿಸಲು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಬರುವ ಕಾಗೆಗಳಿಗೆ ಬುದ್ಧಿ ಕಲಿಸಲು, ಹೀಗೆ ಅದಕ್ಕೆ ನಮ್ಮ ಮನೆಯಲ್ಲಿ ಪುರುಸೊತ್ತೇ ಇಲ್ಲ. ಹೋದ ವಾರ ಕರೆಂಟಿನ ಮೀಟರು ನೋಡಲು ಬಂದ ಹುಡುಗ ಅದನ್ನು ಕಂಡು ಅಲ್ಲಿಯೇ ನಿಂತ.

“ಅಮ್ಮಾರ, ಇದು ಗಾಲ್ಫ್ ಆಡೋ ಬಡಿಗಿ ಅಲ್ಲೇನ್ರಿ? ಟೀವ್ಯಾಗ ನೋಡೇನಿ. ನಿಮ್ಮನ್ಯಾಗ ಯಾರ್ ಆಡ್ತಾರ್ರಿ?”

“ಯಾರೂ ಆಡಂಗಿಲ್ಲಪ. ನಾವು ಮಾಡ್ತಿದ್ವಿ,” ಎಂದೆ.

ಅವನು ನನ್ನನ್ನೊಮ್ಮೆ, ನನ್ನ ಸೆರಗಿಗೆ ಅಂಟಿದ್ದ ಹಿಟ್ಟನ್ನೊಮ್ಮೆ ನೋಡಿ, ಮುದುಕಿಯರ ಮಾತಿಗೆ ನಗುವಂತೆ ಸಣ್ಣಗೆ ನಕ್ಕು ಮೀಟರು ಬರೆದುಕೊಂಡು ಹೋದ. ನಗಲಿ ಬಿಡಿ. ಆದರೆ ನೀವು ನಗಬೇಡಿ. ಎಂಬತ್ತರ ದಶಕದ ಕೊನೆಯಿಂದ ಹತ್ತಾರು ವರ್ಷ, ರಾಣೆಬೆನ್ನೂರಿನ ಹಲಗೇರಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ, ಗಾಲ್ಫ್ ಎಂಬ ಆಟವನ್ನು ಎಂದೂ ಆಡದ ಗಂಡಹೆಂಡತಿ ನಾವು, ಆ ಆಟದ ಕೋಲುಗಳನ್ನು ಮಾಡಿ ಊರೂರಿಗೆ ಕಳಿಸಿದ್ದು ಖರೆ. ಮಾಡಿದ್ದು ಸುಮ್ಮನೆ ಅಲ್ಲ, ಚೆನ್ನಾಗಿ ಮಾಡಿದೆವು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಆ ಆಟದಲ್ಲಿ ಚೆಂಡನ್ನು ದೂರ ಹೊಡೆಯಲು ಬೇರೆ ಬೇರೆ ಕೋಲುಗಳಿವೆ. ಅವೆಲ್ಲ ನಮ್ಮ ಬಾಬತ್ತಲ್ಲ. ಚೆಂಡು ಕೊನೆಗೆ ಕುಳಿಯ ಹತ್ತಿರ ಬಂದು ನಿಂತಾಗ, ಅದನ್ನು ಹುಲ್ಲಿನ ಮೇಲೆ ಮೆಲ್ಲಗೆ ಉರುಳಿಸಿ ಒಳಗೆ ಬೀಳಿಸಲು ಒಂದು ಬೇರೆಯೇ ಕೋಲು ಬೇಕು. ಅದಕ್ಕೆ ಪಟ್ಟರ್ ಎನ್ನುತ್ತಾರೆ. ಅದರಲ್ಲಿ ತೋಳಿನ ಬಲದ ಕೆಲಸವಿಲ್ಲ. ಕೋಲು ಆಡುವವನ ಮೈಗೆ ಸರಿಯಾಗಿ ಕೂತಿರಬೇಕು, ಅಷ್ಟೇ. ಕುಪ್ಪಸದ ಹಾಗೆ.

ಕುಪ್ಪಸದ ಮಾತು ಬಂದದ್ದು ಸುಮ್ಮನೆ ಅಲ್ಲ. ನಾನು ಬ್ಯಾಡಗಿಯ ದರ್ಜಿಯ ಮಗಳು. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮೂರಿನಲ್ಲಿ ಸೀನದೆ ಒಂದು ವಾಕ್ಯ ಪೂರ್ತಿ ಮಾಡಿದವರಿಲ್ಲ. ಅಪ್ಪ ಕೊರಳಿಗೆ ಟೇಪು ಹಾಕಿಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಲಿಯುತ್ತಿದ್ದರು. ನಾನು ಮಷಿನ್ನಿನ ಪಕ್ಕದ ಚಾಪೆಯಲ್ಲಿ ಕೂತು ಕತ್ತರಿಸಿ ಉಳಿದ ಚೂರುಗಳಲ್ಲಿ ಬೊಂಬೆಗಳಿಗೆ ಲಂಗ ಹೊಲಿಯುತ್ತಿದ್ದೆ. ಒಮ್ಮೆ ಒಬ್ಬ ದಲಾಲರು ಹೋದ ವರ್ಷದ ಅಂಗಿ ತಂದು ಮೇಜಿನ ಮೇಲೆ ಎಸೆದು, ಗುಂಡಿ ಹತ್ತುವುದಿಲ್ಲವೆಂದು ಸಿಟ್ಟು ಮಾಡಿದರು. ಅಂಗಡಿಯಲ್ಲಿ ಆರು ಜನ ಕೂತಿದ್ದರು. ಅಪ್ಪ ಅಂಗಿಯನ್ನು ಎತ್ತಿ ಬೆಳಕಿಗೆ ಹಿಡಿದು, “ಹೌದ್ರಿ ಸಾವ್ಕಾರ್ರ, ನಂದ ತಪ್ಪು. ಬಟ್ಟಿ ನೀರಿಗೆ ಹಾಕದ ಹೊಲದಬಿಟ್ಟೆ, ಕುಗ್ಗೇತಿ. ಬಿಚ್ಚಿ ಸರಿ ಮಾಡಿ ಕೊಡ್ತೇನಿ,” ಎಂದರು. ಅವರು ಹೋದ ಮೇಲೆ ನಾನು ಕೇಳಿದೆ.

“ಅಪ್ಪಾ, ಬಟ್ಟಿ ಕುಗ್ಗಿಲ್ಲಲ್ಲ. ಅವರ ಹೊಟ್ಟಿ ಬೆಳದೈತಿ.”

“ಗೊತ್ತೈತಿ ಬಿಡವಾ. ಆರು ಮಂದಿ ಮುಂದ ಅದನ್ನ ಹೇಳಿ ನಾ ಏನ್ ಗಳಸ್ಲಿ? ನನ್ನ ಮ್ಯಾಲ ಹಾಕ್ಕೊಂಡ್ರ ಅವರು ನಕ್ಕೋಂತ ಮನಿಗೆ ಹೋಗ್ತಾರ.”

ಅಪ್ಪನ ಈ ಜಾಣತನವನ್ನು ನಾನು ಬಹಳ ಮೆಚ್ಚಿಕೊಂಡೆ. ಎಷ್ಟು ಮೆಚ್ಚಿಕೊಂಡೆನೆಂದರೆ, ಮುಂದೆ ಅದೇ ನನಗೆ ಒಂದು ದೊಡ್ಡ ಪೇಚು ತಂದಿತು. ಅದನ್ನು ಆಮೇಲೆ ಹೇಳುತ್ತೇನೆ.

ಹಾವೇರಿಯಲ್ಲಿ ಪಿಯುಸಿ ಮುಗಿಸಿ ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ನಮ್ಮವರ ಹೆಸರು ಚನ್ನಬಸಪ್ಪ. ಶೆಡ್ಡಿನಲ್ಲಿ ಒಂದು ಲೇತು, ಬಡಗಿಯ ಉಳಿ ಕಟ್ಟಿಗೆಯನ್ನು ಸವರುವಂತೆ ಲೋಹವನ್ನು ಸವರುವ ಒಂದು ಶೇಪರ್ ಯಂತ್ರ, ಒಂದು ಡ್ರಿಲ್ಲು. ಬೀಜ ಸ್ವಚ್ಛ ಮಾಡುವ ಯಂತ್ರಗಳ ದಂಡ, ನೀರಿನ ಪಂಪಿನ ಬುಶ್ಶು, ಖಾರ ಕುಟ್ಟುವ ಗಿರಣಿಯ ಬಿಡಿಭಾಗ, ಇವು ಅವರ ನಿತ್ಯದ ಕೆಲಸ. ಮಾತು ಕಡಿಮೆ. ಅವರು ನಾಲ್ಕು ದಿನಕ್ಕೆ ಆಡುವ ಮಾತನ್ನು ನಾನು ಒಂದು ಚಹಾದ ಹೊತ್ತಿನಲ್ಲಿ ಆಡಿ ಮುಗಿಸುತ್ತಿದ್ದೆ. ಆದರೆ ಕೈ ಮಾತ್ರ ಅಂಥದ್ದು. ಅವರು ಮಾಡಿದ ಒಂದು ತುಂಡು ಸಡಿಲವಾಯಿತು ಎಂದು ವಾಪಸು ಬಂದದ್ದು ಆ ರಸ್ತೆಯಲ್ಲಿ ಯಾರಿಗೂ ನೆನಪಿಲ್ಲ. ಕೂದಲೆಳೆಯಷ್ಟು ಹೆಚ್ಚು ಸವೆದರೂ ಇಡೀ ತುಂಡನ್ನು ಗುಜರಿಗೆ ಹಾಕಿ ಮತ್ತೆ ಶುರು ಮಾಡುತ್ತಿದ್ದರು.

ಬ್ಯಾಡಗಿಗೆ ಪ್ರತಿ ಸುಗ್ಗಿಗೆ ಕೊಚ್ಚಿಯಿಂದ ಮೆಣಸಿನಕಾಯಿ ಖರೀದಿಗೆ ಒಬ್ಬ ಥಾಮಸ್ ಸಾಹೇಬರು ಬರುತ್ತಿದ್ದರು. ಅಂಗಿಗಳನ್ನು ಅಪ್ಪನ ಹತ್ತಿರವೇ ಹೊಲಿಸುತ್ತಿದ್ದರು. ಪೇಟೆಯಲ್ಲಿ ಇದ್ದೂ ಇದ್ದೂ ನಮ್ಮ ಕಡೆಯ ಮಾತು ಕಲಿತಿದ್ದರು. ಒಂದು ಸಲ ಹಮಾಲರು ಅವರ ಕಾರಿನ ಡಿಕ್ಕಿಯಲ್ಲಿ ಮಾದರಿಯ ಚೀಲಗಳನ್ನು ಎಸೆದಾಗ ಒಳಗಿದ್ದ ಅವರ ಪಟ್ಟರಿನ ಕುತ್ತಿಗೆ ಮುರಿಯಿತು. “ರಾಣೆಬೆನ್ನೂರಾಗ ನಮ್ಮ ಅಳಿಯಾ ಅದಾನ, ಅಂವಗ ಕೊಡ್ರಿ,” ಎಂದು ಅಪ್ಪ ಕಳಿಸಿಕೊಟ್ಟರು.

ನಾನು ಬುತ್ತಿ ತೆಗೆದುಕೊಂಡು ಶೆಡ್ಡಿಗೆ ಹೋದ ಹೊತ್ತಿಗೆ ಇಬ್ಬರೂ ಮುರಿದ ತುಂಡುಗಳನ್ನು ಹಿಡಿದು ನಿಂತಿದ್ದರು.

“ಇದನ್ನ ಜೋಡಿಸಿದ್ರ ಮತ್ತ ಮುರೀತೈತ್ರಿ,” ಎಂದರು ನಮ್ಮವರು. “ಅಚ್ಚಿನ್ಯಾಗ ಸುರಿದು ಮಾಡಿದ ಮಾಲು. ಒಳಗ ಟೊಳ್ಳೈತಿ ನೋಡ್ರಿ. ಹಿತ್ತಾಳಿ ಗಟ್ಟಿ ಕೊರದು ಹೊಸಾದು ಮಾಡಿ ಕೊಡ್ತೇನಿ.”

“ನೀವು ಗಾಲ್ಫ್ ನೋಡೀರೇನು?” ಎಂದು ಥಾಮಸ್ ಸಾಹೇಬರು ಕೇಳಿದರು.

“ಇಲ್ರಿ. ಸಿನಿಮಾ ಮಷಿನ್ ನಡಸಾಕೂ ನನಗ ಬರಂಗಿಲ್ಲ. ಅದರ ಹಲ್ಲಿನ ಗಾಲಿ ಮಾಡಿ ಕೊಟ್ಟೇನಿ, ಟಾಕೀಸ್ ನಡದೈತಿ.”

ಸಾಹೇಬರು ನಕ್ಕು, ತಾವು ಹೇಗೆ ನಿಂತು ಆಡುತ್ತೇವೆಂದು ತೋರಿಸಲು ಮುರಿದ ಕೋಲು ಹಿಡಿದು ಬಗ್ಗಿದರು. ನೋಡುತ್ತಲೇ ನನ್ನ ಬಾಯಿ ಸುಮ್ಮನಿರಲಿಲ್ಲ.

“ಸಾಹೇಬ್ರ, ಇದು ನಿಮ್ಮ ಅಳತಿದಲ್ರಿ. ಬ್ಯಾರೇಯವರ ಅಂಗಿ ಹಾಕ್ಕೊಂಡಂಗ ಕಾಣ್ತೀರಿ.”

“ಅಂಗಡಿಯೊಳಗ ಇದ್ದದ್ದು ತಗೊಂಡೆ. ಎಲ್ಲಾರೂ ಹಂಗ ತಗೋತಾರ.”

“ಅದಕ್ಕ ಮತ್ತ,” ಎಂದು ನಾನು ಚೀಲದಿಂದ ಟೇಪು ತೆಗೆದೆ. ದರ್ಜಿಯ ಮಗಳು ಟೇಪಿಲ್ಲದೆ ಮನೆ ಬಿಡುವುದಿಲ್ಲ. ಅವರನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಎಂದು ಅಳೆದೆ. ಆಮೇಲೆ ಬಗ್ಗಿಸಿ, ಮುಷ್ಟಿ ಎಲ್ಲಿ ಬರುತ್ತದೆ, ಕಣ್ಣು ಎಲ್ಲಿ ನೋಡುತ್ತದೆ ಎಂದು ಗುರುತು ಹಾಕಿಕೊಂಡೆ. ಅದೇ ನಮ್ಮ ಕಸುಬಿನ ಹುಟ್ಟು. ನಮ್ಮವರು ಎಂಟು ದಿನ ಸವರಿ, ಉಜ್ಜಿ, ಒಂದು ಹಿತ್ತಾಳೆಯ ತಲೆ ಮಾಡಿದರು. ಅದರ ಮುಖದಲ್ಲಿ ನಿಮ್ಮ ಮುಖ ಕಾಣುತ್ತಿತ್ತು.

ಪರೀಕ್ಷೆ ಮಾಡುವುದು ಹೇಗೆ? ರಾಣೆಬೆನ್ನೂರಿನಲ್ಲಿ ಆ ನಮೂನೆಯ ಹುಲ್ಲು ಎಲ್ಲಿಂದ ತರುವುದು? ನಮ್ಮ ಕಡೆ ಹುಲ್ಲು ಇಲ್ಲದಿದ್ದರೂ ಕಂಬಳಿಗೆ ಬರವಿಲ್ಲ. ದಪ್ಪನೆಯ ಕರಿ ಕಂಬಳಿಯನ್ನು ನಡುಮನೆಯಲ್ಲಿ ಹಾಸಿ, ಆ ತುದಿಗೆ ಒಂದು ಸ್ಟೀಲಿನ ಲೋಟ ಅಡ್ಡ ಮಲಗಿಸಿ, ಸಾಹೇಬರು ಕೊಟ್ಟಿದ್ದ ಚೆಂಡನ್ನು ಉರುಳಿಸಿದೆವು. ಆ ಚೆಂಡಿನ ಮೈಮೇಲಿನ ಕುಳಿಗಳನ್ನು ಕಂಡು ಪಕ್ಕದ ಮನೆಯಾಕೆ, “ಪಾಪ, ಇದಕ್ಕ ಮೈಲಿಬ್ಯಾನಿ ಬಂದಿತ್ತೇನ?” ಎಂದು ಕೇಳಿದಳು. ಕಾಗಿನೆಲೆಯಿಂದ ಬಂದಿದ್ದ ನಮ್ಮ ಸೋದರತ್ತೆ, ನಾನು ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಚೆಂಡು ಉರುಳುವುದನ್ನು ನೋಡುತ್ತಿದ್ದುದನ್ನು ಕಂಡು ಬಾಗಿಲಲ್ಲೇ ನಿಂತರು.

“ಗಿರಿಜಾ, ಇದೇನ ನಿನಗ ಗೋಲಿ ಆಡೋ ವಯಸ್ಸು?”

“ಅತ್ತಿ, ಲೋಟದಾಗ ಬೀಳತೈತಿಲ್ಲೋ ನೋಡಾಕತ್ತೇನಿ, ಸ್ವಲ್ಪ ಸುಮ್ಮನ ಕುಂದರ್ರಿ.”

ಅವರು ಕೂತರು. ಐದು ನಿಮಿಷಕ್ಕೆ, “ಎಲ್ಲಿ, ನಾನೊಂದ ಹೊಡದ ನೋಡ್ತೇನಿ,” ಎಂದರು. ಮೊದಲನೆಯ ಹೊಡೆತಕ್ಕೇ ಲೋಟದೊಳಗೆ ಹಾಕಿದರು. ನಾನು ಇಷ್ಟು ವರ್ಷದಲ್ಲಿ ಅಂಥ ಹೊಡೆತ ಇನ್ನೊಂದು ನೋಡಿಲ್ಲ.

ಥಾಮಸ್ ಸಾಹೇಬರು ಆ ಪಟ್ಟರನ್ನು ಎಲ್ಲಿ ಎಲ್ಲಿ ತೋರಿಸಿದರೋ, ಒಂದೊಂದೇ ಕಾಗದ ಬರತೊಡಗಿತು. ನೀಲಗಿರಿಯ ಚಹಾ ತೋಟದವರು, ಬೆಂಗಳೂರಿನ ಡಾಕ್ಟರರು, ಮುಂಬಯಿಯ ವ್ಯಾಪಾರಿಗಳು. ಲೇತಿನ ಕೆಲಸ ನಡೆದೇ ಇತ್ತು, ಅದರ ಪಕ್ಕದಲ್ಲಿ ಇದೂ ನಡೆಯಿತು. ಹಾವೇರಿಯಲ್ಲಿ ಎತ್ತಿನ ಕೊರಳಿಗೆ ಗೆಜ್ಜೆಪಟ್ಟಿ ಮಾಡುವ ಒಬ್ಬರಿದ್ದರು. ಅವರಿಂದ ಮೆತ್ತನೆಯ ಚರ್ಮದ ಪಟ್ಟಿ ತಂದು ಹಿಡಿಕೆಗೆ ಓರೆಯಾಗಿ ಸುತ್ತುವುದು ನನ್ನ ಕೆಲಸ. ಕಾಗದ ಬರೆಯುವುದೂ ನನ್ನ ಕೆಲಸ. ನನ್ನ ಪಿಯುಸಿ ಇಂಗ್ಲಿಷು ಒಂದೊಂದು ಸಲ ಕೈ ಕೊಡುತ್ತಿತ್ತು. ಕೈ ಇಳಿಬಿಟ್ಟಾಗ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಕೇಳಬೇಕಾದಲ್ಲಿ, ತಾವು ನೆಲದಿಂದ ಎಷ್ಟು ಎತ್ತರದಲ್ಲಿ ನೇತಾಡುತ್ತೀರಿ ಎಂಬ ಅರ್ಥ ಬರುವ ಹಾಗೆ ಬರೆದಿದ್ದೆ. ನೀಲಗಿರಿಯವರು, ನನ್ನನ್ನು ಇನ್ನೂ ಯಾರೂ ಗಲ್ಲಿಗೇರಿಸಿಲ್ಲ, ಏರಿಸಿದ ದಿನ ಅಳತೆ ತಿಳಿಸುತ್ತೇನೆ ಎಂದು ಉತ್ತರ ಬರೆದಿದ್ದರು. ಅವರ ಪಟ್ಟರನ್ನು ಎಲ್ಲಕ್ಕಿಂತ ಮುತುವರ್ಜಿಯಿಂದ ಮಾಡಿ ಕಳಿಸಿದೆವು.

ಇಷ್ಟಾದ ಮೇಲೆ ಬೆಳಗಾವಿ ಕಡೆಯಿಂದ ಒಂದು ಕಾಗದ ಬಂತು. ನಿವೃತ್ತರಾದ ಒಬ್ಬ ಕರ್ನಲ್ ಸಾಹೇಬರು ಬರೆದದ್ದು. ಅಕ್ಷರ ಮುತ್ತು ಪೋಣಿಸಿದಂತಿತ್ತು. ಎತ್ತರ ಐದು ಅಡಿ ಹನ್ನೊಂದು ಇಂಚು, ಮಣಿಕಟ್ಟಿನಿಂದ ನೆಲಕ್ಕೆ ಮೂವತ್ತಾರು. ಅವರು ಆಡುವ ಮೈದಾನದ ಕಾರ್ಯದರ್ಶಿಯೂ ಕೆಳಗೆ ನಾಲ್ಕು ಸಾಲು ಸೇರಿಸಿದ್ದರು. ಕರ್ನಲ್ ಸಾಹೇಬರದು ಹಿಡಿಸಿದರೆ ಇನ್ನು ಹನ್ನೆರಡು ಮಂದಿ ಮಾಡಿಸಿಕೊಳ್ಳುವವರಿದ್ದಾರೆ ಎಂದು. ಹನ್ನೆರಡು! ನಮಗೆ ಅಲ್ಲಿಯವರೆಗೆ ಒಂದೇ ಕಡೆಯಿಂದ ಎರಡರ ಮೇಲೆ ಬಂದದ್ದಿಲ್ಲ. ನಮ್ಮವರು ಆ ಕಾಗದವನ್ನು ಮೂರು ಸಲ ಓದಿಸಿಕೊಂಡರು. ನಾಲ್ಕನೆಯ ಸಲ ಕೇಳಲು ನಾಚಿಕೆಯಾಗಿ, “ಆ ಅಳತಿ ಇನ್ನೊಮ್ಮೆ ಹೇಳು,” ಎಂದರು.

ಪಟ್ಟರ್ ಹೋಯಿತು. ಒಂದು ತಿಂಗಳಿಗೆ ಕಾರ್ಯದರ್ಶಿಯ ಕಾಗದ ಬಂತು. ಕರ್ನಲ್ ಸಾಹೇಬರು ಹೊಡೆದ ಚೆಂಡೆಲ್ಲ ಎಡಕ್ಕೆ ಹೋಗುತ್ತಿದೆ, ಉಳಿದವರು ತಮಾಷೆ ಮಾಡುತ್ತಿದ್ದಾರೆ, ಹನ್ನೆರಡರ ವಿಷಯ ಯೋಚಿಸಬೇಕಾಗಿದೆ ಎಂದು.

ನಮ್ಮವರು ತಮ್ಮ ಪಾಕೀಟು ಬುಕ್ಕು ತೆಗೆದು ತಾವು ಬರೆದಿಟ್ಟ ಅಳತೆಗಳನ್ನು ಒಂದೊಂದಾಗಿ ನೋಡಿದರು.

“ನನ್ನ ಕೈಯಾಗ ತಪ್ಪಿಲ್ಲ,” ಎಂದರು.

“ನನಗ ಗೊತ್ತೈತ್ರಿ. ನಾ ಹೋಗಿ ನೋಡಿ ಬರ್ತೇನಿ.”

“ನೀ ಹೋಗಿ ಏನ್ ಮಾಡ್ತಿ?”

“ಅಳತಿ ತಗೋತೇನಿ.”

ಬೀಜದ ಹಂಗಾಮು ಶುರುವಾಗಿ ಶೆಡ್ಡಿನ ಮುಂದೆ ಯಂತ್ರಗಳು ಸಾಲುಗಟ್ಟಿದ್ದವು, ಅವರು ಕದಲುವಂತಿರಲಿಲ್ಲ. ನಾನು ಬೆಳಗಿನ ಬಸ್ಸು ಹಿಡಿದೆ. ಚೀಲದಲ್ಲಿ ಟೇಪು, ಕಬ್ಬಿಣ ಕೊಯ್ಯುವ ಗರಗಸ, ಚರ್ಮದ ಪಟ್ಟಿ, ನಾಲ್ಕು ರೊಟ್ಟಿ. ಪಕ್ಕದಲ್ಲಿ ಕೂತಾಕೆ ಚೀಲದಿಂದ ಇಣುಕುತ್ತಿದ್ದ ಗರಗಸವನ್ನು ನೋಡಿ ಧಾರವಾಡದವರೆಗೂ ನನ್ನ ಕಡೆಗೆ ತಿರುಗಲಿಲ್ಲ.

ಗಾಲ್ಫ್ ಮೈದಾನವನ್ನು ಮೊದಲ ಸಲ ನೋಡಿದಾಗ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಇಷ್ಟು ಹುಲ್ಲು, ಒಂದು ಎಮ್ಮೆಯೂ ಇಲ್ಲವಲ್ಲ! ಆ ಹುಲ್ಲಿನ ಅಂಚಿನಲ್ಲಿ ಕಾರ್ಯದರ್ಶಿ, ಏಳೆಂಟು ಜನ ಸದಸ್ಯರು, ನಡುವೆ ಕರ್ನಲ್ ಸಾಹೇಬರು. ದೊಡ್ಡ ಬಿಳಿ ಮೀಸೆ. ಇಸ್ತ್ರಿಯ ಗೆರೆ ಚಾಕುವಿನಂತಿದ್ದ ಪ್ಯಾಂಟು. ಆದರೆ ಬೆನ್ನು ಬಾಗಿತ್ತು. ಭುಜಗಳು ಮುಂದಕ್ಕೆ ಬಂದಿದ್ದವು.

“ಬರ್ರಿ ಬಾಯಾರ,” ಎಂದರು. ಅವರದು ಧಾರವಾಡ ಕಡೆಯ ಮಾತು. “ನಿಮ್ಮ ಪಟ್ಟರ್ ಬಾಳ ಚಂದ ಐತಿ. ಆದ್ರ ಎಡಕ್ಕ ಓಡ್ತೈತಿ ನೋಡ್ರಿ.”

ಹೊಡೆದು ತೋರಿಸಿದರು. ಚೆಂಡು ಕುಳಿಯ ಎಡಕ್ಕೆ ಒಂದು ಗೇಣು ದೂರ ಹೋಯಿತು. ಹಿಂದೆ ಯಾರೋ, “ಕರ್ನಲ್ ಸಾಹೇಬ್ರಿಗೆ ವಯಸ್ಸಾತು,” ಎಂದು ಮೆಲ್ಲಗೆ ನಕ್ಕರು. ಮೀಸೆಯ ಕೆಳಗೆ ಸಾಹೇಬರ ತುಟಿ ಬಿಗಿಯಾಯಿತು.

ನನಗೆ ಒಂದೇ ನೋಟಕ್ಕೆ ತಿಳಿದುಹೋಗಿತ್ತು. ಕೋಲು ಅವರಿಗೆ ಉದ್ದವಾಗಿತ್ತು. ಮುಷ್ಟಿ ನಾವು ಎಣಿಸಿದ್ದಕ್ಕಿಂತ ಕೆಳಗೆ ಬರುತ್ತಿತ್ತು. ಹಾಗಾಗಿ ಹಿತ್ತಾಳೆಯ ತಲೆ ನೆಲಕ್ಕೆ ಸಮನಾಗಿ ಕೂರದೆ ಆಚೆ ತುದಿ ಮೇಲೆದ್ದು, ಮುಖ ಎಡಕ್ಕೆ ತಿರುಗುತ್ತಿತ್ತು. ಅವರು ಬರೆದದ್ದು ತಮ್ಮ ಹಿಂದಿನ ಅಳತೆ. ಈಗಿನದು ಅದಲ್ಲ.

“ಸಾಹೇಬ್ರ, ಒಮ್ಮಿ ಅಳತಿ ತಗೊಳ್ಳೇನ್ರಿ?” ಎಂದು ಕೇಳಿದೆ.

“ಅಳತಿ ಯಾಕ?” ಧ್ವನಿ ಏರಿತು. “ಬರದು ಕಳಿಸೇನಲ್ಲ? ಐದು ಫೂಟು ಹನ್ನೊಂದು ಇಂಚು. ಫೌಜಿನ್ಯಾಗ ಸೇರಿದ ದಿನಾನ ಬರದಾರ. ನನ್ನ ಅಳತಿ ನನಗ ಗೊತ್ತಿಲ್ಲೇನು?”

ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು. ಆ ಗಳಿಗೆಯಲ್ಲಿ ನನ್ನೊಳಗಿನ ದರ್ಜಿಯ ಮಗಳು ಎದ್ದು ನಿಂತಳು.

“ಅಯ್ಯ, ತಪ್ಪು ನಮ್ಮದ್ರಿ ಸಾಹೇಬ್ರ. ನೀವು ಸರೀನ ಬರದೀರಿ. ನಾವ ಉದ್ದ ಕೊಯ್ದೇವಿ. ಅರ್ಧಾ ತಾಸಿನ್ಯಾಗ ಸರಿ ಮಾಡಿ ಕೊಡ್ತೇನಿ.”

ಮಾಲಿಯ ಶೆಡ್ಡಿನಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಇತ್ತು. ಚರ್ಮ ಬಿಚ್ಚಿ, ಕೋಲನ್ನು ಕೊಯ್ದು, ಹಿತ್ತಾಳೆಯ ಕುತ್ತಿಗೆಯನ್ನು ಕೂದಲಷ್ಟು ಬಗ್ಗಿಸಿ, ಮತ್ತೆ ಚರ್ಮ ಸುತ್ತಿದೆ. ಟೇಪು ಮುಟ್ಟಲಿಲ್ಲ. ಕಣ್ಣಳತೆಯಲ್ಲೇ ಮಾಡಿದೆ, ಇದನ್ನು ಈಗಲೂ ಜಂಬದಿಂದ ಹೇಳುತ್ತೇನೆ. ಕರ್ನಲ್ ಸಾಹೇಬರು ಹೊಡೆದರು. ಚೆಂಡು ಒಳಗೆ. ಮತ್ತೊಂದು, ಒಳಗೆ. ಮೂರನೆಯದೂ ಒಳಗೆ. ನಕ್ಕಿದ್ದವರೇ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನನ್ನು ಒಂದು ಕ್ಷಣ ನೋಡಿದರು, ಅಷ್ಟೇ.

ಹೊರಡುವಾಗ ಕಾರ್ಯದರ್ಶಿ ಬಹಳ ಮರ್ಯಾದೆಯಿಂದ, “ಹನ್ನೆರಡು ಸದ್ಯಕ್ಕ ಇರ್ಲಿ ಬಾಯಾರ. ಒಂದರಾಗ ತಪ್ಪಾದ್ರ ಹನ್ನೆರಡರಾಗ ಎಷ್ಟಾದೀತು?” ಎಂದರು. ಸ್ವಲ್ಪ ಚುರುಕ್ ಎಂದಿತು. ಆದರೂ ಬಸ್ಸಿನಲ್ಲಿ ಕೂತು ರೊಟ್ಟಿ ತಿನ್ನುವಾಗ ನನಗೆ ನನ್ನ ಬಗ್ಗೆ ಭಾರಿ ಸಮಾಧಾನವಿತ್ತು. ಒಬ್ಬ ಹಿರಿಯರ ಮಾನ ಉಳಿಸಿದೆ. ಹನ್ನೆರಡು ಪಟ್ಟರ್ ಹೋದರೆ ಹೋಗಲಿ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನ ದಲಾಲರ ಅಂಗಿಯ ಕಥೆಯನ್ನೂ ಸೇರಿಸಿ, ಬಣ್ಣ ಕಟ್ಟಿ ಹೇಳಿದೆ. ನಮ್ಮವರು ಹಲ್ಲಿನ ಗಾಲಿಯೊಂದನ್ನು ಒರೆಸುತ್ತ ಕೇಳಿಸಿಕೊಂಡರು. ಒರೆಸುವುದು ನಿಂತಿತು.

“ಏನಂತ ಹೇಳಿ ಬಂದಿ?”

“ನಾವ ಉದ್ದ ಕೊಯ್ದೇವಿ ಅಂತ.”

“ಕೊಯ್ದಾವ ಯಾರು?”

ನಾನು ಚೀಲದಿಂದ ಗರಗಸ ತೆಗೆದು ಗೂಟಕ್ಕೆ ಹಾಕಿದೆ.

“ನಿಮ್ಮಪ್ಪ ತನ್ನ ಮ್ಯಾಲ ಹಾಕ್ಕೊಂಡ್ರು,” ಎಂದರು. “ನೀ ನನ್ನ ಮ್ಯಾಲ ಹಾಕಿದಿ.”

ಗಾಲಿಯನ್ನು ಕೆಳಗಿಟ್ಟು ಎದ್ದು ಹೋದರು. ಆಮೇಲೆ ಎರಡು ದಿನ ಮಾತಿಲ್ಲ. ಮಾತು ಕಡಿಮೆಯ ಮನುಷ್ಯ ಮಾತು ಬಿಟ್ಟರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಮಾತ್ರ ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಆ ಎರಡು ದಿನ ನಾನು ಬಹಳ ಯೋಚಿಸಿದೆ. ಅವರಿಗೆ ಕೈಯೇ ಎಲ್ಲ. ಓದು ಇರಲಿಲ್ಲ, ಆಸ್ತಿ ಇರಲಿಲ್ಲ, ಮಾತಿನ ಚಮತ್ಕಾರ ಇರಲಿಲ್ಲ. ಚನ್ನಬಸಪ್ಪನ ಕೈಯಲ್ಲಿ ತಪ್ಪು ಬರುವುದಿಲ್ಲ ಎಂಬ ಒಂದು ಮಾತಿತ್ತು. ಅದನ್ನು ನಾನು ಒಂದು ಪರ ಊರಿನ ಹುಲ್ಲಿನ ಮೇಲೆ, ಕೇಳದೆ ಹೇಳದೆ, ಯಾರಿಗೋ ದಾನ ಮಾಡಿ ಬಂದಿದ್ದೆ. ದಾನ ಮಾಡಿದ ಹೆಮ್ಮೆ ಬೇರೆ! ಎರಡನೆಯ ದಿನ ಸಂಜೆ ಚಹಾ ಕೊಡುವಾಗ, “ನಂದು ತಪ್ಪಾತ್ರಿ,” ಎಂದೆ. ಈ ಸಲ ಅದು ಚಮತ್ಕಾರದ ಮಾತಾಗಿರಲಿಲ್ಲ. ಅವರು ಚಹಾ ಕುಡಿದು ಬಟ್ಟಲು ಕೆಳಗಿಟ್ಟರು.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಬಿಳಿ ಅಂಗಿ ಹಾಕಿಕೊಂಡು, ನನ್ನ ಟೇಪನ್ನು ಜೇಬಿಗಿಟ್ಟುಕೊಂಡು ಹೊರಟು ನಿಂತಿದ್ದಾರೆ.

“ಬೆಳಗಾವಿಗೆ ಹೊಂಟೇನಿ.”

“ಜಗಳಾ ಮಾಡಬ್ಯಾಡ್ರಿ.”

“ಜಗಳಾ ಯಾಕ? ಖರೇ ಏನೈತಿ ಅದನ್ನ ಹೇಳಿ ಬರ್ತೇನಿ.”

ಹೋದರು. ಶೆಡ್ಡಿಗೆ ಬಂದ ಬೀಜದ ಕಂಪನಿಯವರಿಗೆಲ್ಲ ನಾಳೆ ಬನ್ನಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಖರೆ ಹೇಳಿಯೇ ಹೇಳುತ್ತಾರೆ, ಅದು ಅವರ ಹಕ್ಕು ಎಂದು ಒಂದು ಮನಸ್ಸು. ಆ ಮೀಸೆಯ ಕೆಳಗಿನ ತುಟಿ ನೆನಪಾಗಿ, ಹೇಳದಿದ್ದರೆ ಸಾಕು ಎಂದು ಇನ್ನೊಂದು ಮನಸ್ಸು. ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತರು. ನಾನು ಬಡಿಸುತ್ತ ಕೇಳಿದೆ.

“ಹೇಳಿದ್ರ್ಯಾ?”

“ಇಲ್ಲ.”

“ಯಾಕ್ರಿ?”

ಎರಡು ತುತ್ತು ತಿಂದ ಮೇಲೆ ಮಾತು ಬಂತು. ನನ್ನ ಸಂಸಾರದಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

“ಸೆಕ್ರೆಟರಿ ಮುಂದ ಕುಂತಿದ್ದೆ. ಬಾಯಿ ತಗೀಬೇಕು, ಅಷ್ಟರಾಗ ಆ ಸಾಹೇಬ್ರ ಬಂದ್ರು. ಆ ಪಟ್ಟರ್ ಹಿಡಕೊಂಡು, ಒಂದೊಂದ ಹೆಜ್ಜಿ ಇಟಗೋತ. ‘ನೀವೇನು ಇದನ್ನ ಮಾಡಿದವ್ರು? ನನ್ನ ಕಡೆ ಇಷ್ಟ ಚಂದದ ಸಾಮಾನ ಯಾವತ್ತೂ ಇರಲಿಲ್ಲ,’ ಅಂದ್ರು. ಆಮ್ಯಾಲ ಏನ್ ಹೇಳ್ಲಿ? ಸೆಕ್ರೆಟರಿಗೆ ಇಷ್ಟ ಹೇಳಿದೆ. ‘ಇನ್ಮ್ಯಾಲ ಕಾಗದದ ಅಳತಿ ಬ್ಯಾಡ್ರಿ. ಹನ್ನೆರಡೂ ಮಂದಿ ಬೂಟು ಬಿಚ್ಚಿ ನಿಂದರ್ಲಿ, ನಾನ ಅಳೀತೇನಿ. ಅದರಾಗ ಒಂದ ತಪ್ಪಾದ್ರೂ ಎಲ್ಲಾ ವಾಪಸ್ ತಗೋತೇನಿ.’ ನಿಂತ್ರು. ನಾ ಅಳದು ಜೋರಾಗಿ ಒದರೋದು, ಸೆಕ್ರೆಟರಿ ಬರಕೊಳ್ಳೋದು.”

“ಹನ್ನೆರಡೂ?”

“ಹನ್ನೆರಡೂ. ಆತಂತ ಟೇಪ್ ಸುತ್ತಾಕ ಹತ್ತೀನಿ, ಕರ್ನಲ್ ಸಾಹೇಬ್ರ ಬೂಟು ಬಿಚ್ಚಿ ಬಂದು ನಿಂತ್ರು. ‘ನಂದೂ ತಗೋರಿ,’ ಅಂದ್ರು. ‘ನಿಮ್ಮದು ಆಗೇತಲ್ರಿ,’ ಅಂದೆ. ‘ತಗೋರಿ,’ ಅಂದ್ರು. ತಗೊಂಡೆ. ಅಂಕಿ ನೋಡಿದೆ. ಅದರ ಮ್ಯಾಲ ಹೆಬ್ಬೆಟ್ಟು ಇಟ್ಟೆ.”

ನನ್ನ ಕೈಯ ಸೌಟು ಹಾಗೇ ನಿಂತಿತು.

“‘ಯಾಕ್ರಿ, ಹನ್ನೆರಡು ಮಂದೀದು ಒದರಿದ್ರಿ, ನಂದ್ಯಾಕ ಒದರವಲ್ರಿ?’ ಅಂದ್ರು. ಟೇಪಿನ ಮ್ಯಾಲ ನನ್ನ ಹೆಬ್ಬೆಟ್ಟು ಹಂಗ ಇತ್ತು. ಅದನ್ನ ತಾವ ಸರಿಸಿ ಓದಿದ್ರು. ಓದಿ, ಪರೇಡ್ ಮೈದಾನದಾಗ ಒದರಿದಂಗ ಒದರಿದ್ರು ನೋಡು. ‘ಮೂವತ್ಮೂರು! ಸೆಕ್ರೆಟರಿ, ಬರಕೊಳ್ರಿ. ನಾ ಮೂರಿಂಚು ಹೆಚ್ಚಿಗಿ ಬರದು ಕಳಿಸಿದ್ದೆ. ಆ ಬಾಯಾರಿಗೆ ಅವತ್ತ ಗೊತ್ತಾಗೇತಿ, ಅವರು ಹೇಳಲಿಲ್ಲ. ಇವರಿಗೆ ಇವತ್ತ ಗೊತ್ತಾಗೇತಿ, ಇವರೂ ಹೇಳವಲ್ರು. ಇವರ ಕೈಯಾಗ ತಪ್ಪಿಲ್ಲ.’”

ಹೊರಗೆ ರಸ್ತೆಯಲ್ಲಿ ಯಾವುದೋ ಟ್ರ್ಯಾಕ್ಟರು ಹೋಯಿತು. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

“ಆಮ್ಯಾಲ?” ಎಂದೆ.

“ಆಮ್ಯಾಲೇನು? ಯಾರೂ ನಗಲಿಲ್ಲ. ಸಾಹೇಬ್ರ ಕುರ್ಚಿ ಮ್ಯಾಲ ಕುಂತು ಬೂಟು ಹಾಕ್ಕೊಳ್ಳಾಕ ಹತ್ತಿದ್ರು. ಬಗ್ಗಾಕ ತ್ರಾಸ ಆಗ್ತಿತ್ತು.” ನಮ್ಮವರು ತಟ್ಟೆಯ ಕಡೆಗೆ ನೋಡುತ್ತ ಹೇಳಿದರು. “ಲೇಸ್ ನಾ ಕಟ್ಟಿದೆ.”